ಹತ್ತು ಶುರು ಮಾಡಿ ಹತ್ತನ್ನೂ ಬಿಟ್ಟೆವು. ಒಂದನ್ನೇ ಗಟ್ಟಿಯಾಗಿ ಹಿಡಿಯೋದಾದರೆ ಯಾವುದು?

ಮೂರನೇ_ಮಹಡಿ | ಜೂನ್ 6, 2024, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾವಿರೋದು ಬೆಂಗಳೂರಿನ ಬನಶಂಕರಿ ಕಡೆ, ಬಾಡಿಗೆ ಮನೆ, ಮೂರನೇ ಮಹಡಿ. ನಾನು, ನಮ್ಮ ಯಜಮಾನರು, ಅತ್ತೆ, ಆರನೇ ಕ್ಲಾಸಿನ ಮಗ. ನಿನ್ನೆ ಪರಿಸರ ದಿನ ಅಂತ ಮಗನ ಸ್ಕೂಲಲ್ಲಿ ಒಂದು ಹಾಳೆ ಕೊಟ್ಟಿದ್ದಾರೆ. ‘ಪರಿಸರಕ್ಕಾಗಿ ನಿಮ್ಮ ಮನೆಯಲ್ಲಿ ದಿನಾ ಏನು ಮಾಡುತ್ತೀರಿ, ಬರೆದುಕೊಂಡು ಬನ್ನಿ’ ಅಂತ. ಅವನು ಪೆನ್ನು ಹಿಡಿದು ನನ್ನ ಮುಂದೆ ಕೂತ. ನನಗೆ ಹೇಳೋಕೆ ಬಾಯೇ ಬರಲಿಲ್ಲ.

ಏನೂ ಮಾಡಿಲ್ಲ ಅಂತಲ್ಲ. ಎರಡು ವರ್ಷದ ಹಿಂದೆ ಯುಗಾದಿಗೆ ಹೊಸದಾಗಿ ಶುರು ಮಾಡೋಣ ಅಂತ ಎಲ್ಲವನ್ನೂ ಒಟ್ಟಿಗೆ ಹಿಡಿದೆವು. ಬಿದಿರಿನ ಬ್ರಷ್ಷು, ಬಟ್ಟೆ ಚೀಲ, ಪಾತ್ರೆಗೆ ಅಂಟುವಾಳದ ನೀರು, ಬಕೆಟ್ಟಲ್ಲಿ ಗೊಬ್ಬರ, ಬಾಲ್ಕನಿಯಲ್ಲಿ ಸೊಪ್ಪು. ಮೂರು ತಿಂಗಳಿಗೆ ಒಂದೊಂದೇ ಬಿಟ್ಟು ಹೋಯಿತು. ಗೊಬ್ಬರದ ಬಕೆಟ್ ನಾತ ಹೊಡೆದು ಕೆಳಗಿನ ಮನೆಯವರು ಮೇಲೆ ಬಂದು ಹೇಳುವ ಹಾಗಾಯಿತು, ಅವತ್ತೇ ಸುರಿದುಬಿಟ್ಟೆ. ಈ ಮಾರ್ಚ್‌ನಲ್ಲಿ ನಮ್ಮ ಬೀದಿಯ ಬೋರ್ ಬತ್ತಿ ಟ್ಯಾಂಕರ್‌ಗೆ ಕಾದು ಕೂತ ಮೇಲೆ ಮನಸ್ಸಿಗೆ ಸಮಾಧಾನವೇ ಇಲ್ಲ.

ಹತ್ತು ಸಲಹೆಗಳ ಪಟ್ಟಿ ದಯವಿಟ್ಟು ಬೇಡ, ಅದು ಎಲ್ಲ ಕಡೆ ಸಿಗುತ್ತೆ. ಮಾಡಿ ನೋಡಿದವರು ಹೇಳಿ. ಒಂದನ್ನೇ ಹಿಡಿಯೋದಾದರೆ ಯಾವುದು?

---

ಗೊಬ್ಬರದ_ಗಡಿಗೆ | ಜೂನ್ 6, ರಾತ್ರಿ 10:25

ಹಸಿ ಕಸ. ಅದೊಂದನ್ನು ಮನೆಯಿಂದ ಆಚೆ ಕಳಿಸಬೇಡಿ. ಮಿಕ್ಕಿದ್ದು ಆಮೇಲೆ ನೋಡೋಣ.

ಯಾಕೆ ಇದೇ ಮೊದಲು ಅಂತ ಹೇಳ್ತೀನಿ. ನಮ್ಮ ಊರುಗಳ ಕಸದಲ್ಲಿ ತೂಕದ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಅಡುಗೆಮನೆಯದ್ದೇ: ಸಿಪ್ಪೆ, ಸೊಪ್ಪಿನ ದಂಟು, ಕಾಫಿ ಚರಟ, ಉಳಿದ ಅನ್ನ. ಮಣ್ಣಿಗೆ ಬಿದ್ದರೆ ಇದು ಗೊಬ್ಬರ. ಆದರೆ ಪ್ಲಾಸ್ಟಿಕ್ ಕವರಲ್ಲಿ ಗಂಟು ಕಟ್ಟಿಕೊಂಡು ಬೆಟ್ಟದಷ್ಟು ಕಸದ ಅಡಿಗೆ ಸೇರಿದರೆ ಗಾಳಿ ಆಡಲ್ಲ, ಕೊಳೆತು ಮೀಥೇನ್ ಆಗುತ್ತೆ. ಇಪ್ಪತ್ತು ವರ್ಷದ ಲೆಕ್ಕದಲ್ಲಿ ಆ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತೆ. ಅದರಿಂದ ಸೋರುವ ಕಪ್ಪು ನೀರು ಇಳಿದು ಪಕ್ಕದ ಊರಿನ ಬಾವಿ, ಬೋರ್‌ವೆಲ್ ಕೆಡಿಸುತ್ತೆ. ಬೆಂಗಳೂರಿನ ಕಸ ಮಾವಳ್ಳಿಪುರಕ್ಕೆ ಹೋಯ್ತು, 2012ರಲ್ಲಿ ಅಲ್ಲಿನವರು ಸಾಕು ಅಂದರು. ಮಂಡೂರಿಗೆ ಹೋಯ್ತು, ಅಲ್ಲಿನವರು ರಸ್ತೆಗಿಳಿದು 2014ರ ಕೊನೆಗೆ ನಿಲ್ಲಿಸಿದರು. ಈಗ ಇನ್ನೊಂದು ಊರಿನ ಕಲ್ಲುಕ್ವಾರಿ. ನಮ್ಮ ಮನೆಯ ಬಾಳೆಹಣ್ಣಿನ ಸಿಪ್ಪೆ ಇನ್ನೊಬ್ಬರ ಮನೆ ನೀರಿಗೆ ವಿಷ ಆಗ್ತಿದೆ.

ಎರಡನೇ ಕಾರಣ ಮಾಡಿದ ಮೇಲೆ ಗೊತ್ತಾಗುತ್ತೆ. ಹಸಿ ಕಸ ಬೇರೆ ಆದ ದಿನ ಉಳಿದ ಕಸ ಒಣಗಿರುತ್ತೆ, ವಾಸನೆ ಬರಲ್ಲ, ಅದರಲ್ಲಿ ಏನೇನಿದೆ ಅಂತ ಕಣ್ಣಿಗೆ ಕಾಣುತ್ತೆ. ನಮ್ಮ ಮನೆಯಲ್ಲಿ ಮೊದಲ ವಾರ ಒಣ ಚೀಲ ಬಿಚ್ಚಿ ನೋಡಿದಾಗ ಮುಕ್ಕಾಲು ಪಾಲು ಬಿಸ್ಕೆಟ್ಟು, ಕುರುಕಲು ತಿಂಡಿ ಪ್ಯಾಕೆಟ್ಟು. ಯಾರೂ ಉಪದೇಶ ಮಾಡಲಿಲ್ಲ, ಮುಂದಿನ ತಿಂಗಳು ತಾನಾಗೇ ಕಮ್ಮಿ ಆಯ್ತು. ನೀವು ಬಿಟ್ಟ ಮಿಕ್ಕ ಒಂಬತ್ತು ಕೂಡ ಇದರ ಹಿಂದೆ ಬರುತ್ತವೆ.

---

ಕಡಲ_ತಡಿ | ಜೂನ್ 6, ರಾತ್ರಿ 11:02

ಮೇಲಿನವರು ಹೇಳಿದ್ದಕ್ಕೆ ನಮ್ಮ ಮಂಗಳೂರೇ ಸಾಕ್ಷಿ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ರಾಶಿ ಜರಿದು ಕೆಳಗಿನ ಮಂದಾರಕ್ಕೆ ಇಳಿಯಿತು. ತೆಂಗು, ಅಡಿಕೆ ತೋಟ, ಮನೆ, ದೈವ ದೇವರ ಜಾಗ ಎಲ್ಲ ಕಸದ ಅಡಿಗೆ ಹೋಯಿತು. ನಾನು ಹೋಗಿ ನೋಡಿದ್ದೇನೆ. ಅಡಿಕೆ ಮರದ ತಲೆ ಮಾತ್ರ ಮೇಲೆ ಕಾಣ್ತಾ ಇತ್ತು, ಅದರ ಕೆಳಗೆ ಪೂರ್ತಿ ನಮ್ಮ ಪೇಟೆಯ ತೊಟ್ಟೆಗಳು, ಅಂದರೆ ಪ್ಲಾಸ್ಟಿಕ್ ಚೀಲಗಳು. ಅಲ್ಲಿಂದ ಬಂದ ಮೇಲೆ ನಮ್ಮ ಮನೆಯಲ್ಲಿ ಹಸಿ ಕಸ ತೊಟ್ಟೆಗೆ ಕಟ್ಟುವ ಕ್ರಮ ಇಲ್ಲ. ಹಿತ್ತಿಲು ಉಂಟು, ಗುಂಡಿ ಉಂಟು, ಅಷ್ಟೇ ಸಾಕು.

---

ಬೆಳಗಿನ_ಪಾಳಿ | ಜೂನ್ 7, ಬೆಳಗ್ಗೆ 6:15

ನಾನು ಇಲ್ಲಿ ಬರೆಯೋದು ಕಮ್ಮಿ. ಇದಕ್ಕೆ ಬರೀಲೇಬೇಕು ಅನ್ನಿಸ್ತು.

ನಮ್ಮ ಚಿಕ್ಕಮ್ಮ ಪೌರಕಾರ್ಮಿಕರು. ಹದಿನಾರು ವರ್ಷದಿಂದ ಕಸದ ಆಟೋ ಹಿಂದೆ ನಡೀತಾರೆ. ಜನ ಎಲ್ಲ ಒಂದೇ ಕವರಿಗೆ ತುಂಬಿ ಕೊಟ್ಟರೆ ಅದನ್ನು ಬಿಚ್ಚಿ ಬೇರೆ ಮಾಡೋದು ಅವರ ಕೈ. ಮೊನ್ನೆ ಅವರ ಬಲಗೈ ಹೆಬ್ಬೆರಳ ಬುಡದಲ್ಲಿ ಗಾಯ ನೋಡಿದೆ. ಅನ್ನ ಸಾರಿನ ಮಧ್ಯೆ ಒಡೆದ ಟ್ಯೂಬ್‌ಲೈಟ್ ಚೂರು ಇತ್ತಂತೆ. ‘ಗ್ಲೌಸ್ ಹಾಕ್ಕೊಳ್ಳಲ್ವಾ ಚಿಕ್ಕಮ್ಮಾ’ ಅಂದೆ. ‘ಹಾಕ್ಕೊಂಡಿದ್ದೆ ಕಣೋ, ಅದನ್ನೂ ಸೀಳಿಕೊಂಡು ಬಂತು’ ಅಂದ್ರು. ಮಕ್ಕಳ ಡೈಪರ್ರು, ಪ್ಯಾಡು, ಬ್ಲೇಡು, ಇನ್ಸುಲಿನ್ ಸೂಜಿ, ಎಲ್ಲಾನೂ ನಿನ್ನೆ ರಾತ್ರಿ ಸಾಂಬಾರಲ್ಲಿ ಅದ್ದಿ ಬರುತ್ತೆ.

ಬೇರೆ ಮಾಡಿ ಕೊಡಿ ಅಂತ 2015ರ ಡಿಸೆಂಬರ್‌ನಲ್ಲೇ ಹೈಕೋರ್ಟ್ ಹೇಳಿದೆ. ಎರಡು ಡಬ್ಬಿ, ಒಂದು ಚೀಲ. ಹಸಿರು ಡಬ್ಬಿಗೆ ಹಸಿ ಕಸ, ಕೆಂಪು ಡಬ್ಬಿಗೆ ಪ್ಯಾಡು ಡೈಪರ್ ಥರದ್ದು, ಚೀಲಕ್ಕೆ ಒಣದು. ಗೊಬ್ಬರ ಮಾಡೋಕೆ ಆಗದಿದ್ದರೂ ಪರವಾಗಿಲ್ಲ, ಇದನ್ನಾದರೂ ಮಾಡಿ. ಪ್ಯಾಡನ್ನು ಪೇಪರಲ್ಲಿ ಸುತ್ತಿ ಮೇಲೆ ಕೆಂಪು ಪೆನ್ನಲ್ಲಿ ಒಂದು ಗುರುತು ಹಾಕಿ. ಒಡೆದ ಗಾಜನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಕೈಗೆ ಕೊಟ್ಟು ‘ಅಕ್ಕಾ, ಇದರಲ್ಲಿ ಗಾಜಿದೆ’ ಅಂತ ಬಾಯಲ್ಲಿ ಹೇಳಿ. ಅಷ್ಟು ಹೇಳುವ ಮನೆಗಳ ಬಾಗಿಲು ನಮ್ಮ ಚಿಕ್ಕಮ್ಮನಿಗೆ ನೆನಪಿದೆ.

---

ಮೂರನೇ_ಮಹಡಿ | ಜೂನ್ 7, ಮಧ್ಯಾಹ್ನ 2:10

ಬೆಳಗಿನ ಪಾಳಿ ಅವರೇ, ನಿಮ್ಮದು ಓದಿ ಅಡುಗೆಮನೆಗೆ ಹೋಗಿ ನಮ್ಮ ಡಬ್ಬಿ ನೋಡಿದೆ. ಒಂದೇ ಡಬ್ಬಿ, ಕಪ್ಪು ಕವರ್. ಮೊಟ್ಟೆ ಚಿಪ್ಪಿನ ಕೆಳಗೆ ಮಗನ ಮುರಿದ ಕಾಂಪಾಸ್ ಮುಳ್ಳು ಇತ್ತು. ಇವತ್ತು ಸಂಜೆಯೇ ಮೂರು ಮಾಡ್ತೀನಿ.

ಗಡಿಗೆ ಅವರೇ, ಗೊಬ್ಬರದ ಬಗ್ಗೆ ಹೆದರಿಕೆ ಹೋಗಿಲ್ಲ. ಹೋದ ಸಲ ಮಾಡಿದ್ದು ಇಷ್ಟು: ಮುಚ್ಚಳ ಇರುವ ಬಕೆಟ್ಟು, ತಳದಲ್ಲಿ ಸ್ವಲ್ಪ ಮಣ್ಣು, ದಿನಾ ಸಿಪ್ಪೆ ಹಾಕಿ ಮುಚ್ಚಳ ಬಿಗಿ ಮಾಡೋದು. ಹತ್ತನೇ ದಿನಕ್ಕೆ ಬುಡದಲ್ಲಿ ಕಪ್ಪು ನೀರು. ಮುಚ್ಚಳ ತೆಗೆದರೆ ಸತ್ತ ಇಲಿಯ ವಾಸನೆ. ಎಲ್ಲಿ ತಪ್ಪಿದೆ?

---

ಗೊಬ್ಬರದ_ಗಡಿಗೆ | ಜೂನ್ 7, ರಾತ್ರಿ 8:30

ತಪ್ಪಿದ್ದು ಎರಡು ಕಡೆ. ಗಾಳಿ ಇರಲಿಲ್ಲ, ಒಣ ಎಲೆ ಇರಲಿಲ್ಲ.

ತರಕಾರಿ ಸಿಪ್ಪೆ ಅಂದರೆ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರು. ಆ ನೀರನ್ನು ಹೀರಿಕೊಳ್ಳೋಕೆ, ನಡುವೆ ಗಾಳಿ ಆಡೋಕೆ ಏನಾದರೂ ಒಣದು ಬೇಕು. ತರಗೆಲೆ, ತೆಂಗಿನ ನಾರಿನ ಪುಡಿ, ಮರದ ಹೊಟ್ಟು, ಹರಿದ ರಟ್ಟು ಯಾವುದಾದರೂ ಆಗುತ್ತೆ. ಬರೀ ಮಣ್ಣು ಸಾಲದು. ಗಾಳಿ ಇದ್ದಾಗ ಕೆಲಸ ಮಾಡುವ ಸೂಕ್ಷ್ಮಜೀವಿಗಳೇ ಬೇರೆ, ಅವು ನಾತ ಮಾಡಲ್ಲ. ಗಾಳಿ ಇಲ್ಲದಾಗ ಬರುವವೇ ಬೇರೆ, ನಿಮಗೆ ಸಿಕ್ಕಿದ್ದು ಅವು.

ಹೀಗೆ ಮಾಡಿ. ಪೇಂಟ್‌ನ 20 ಲೀಟರ್ ಖಾಲಿ ಬಕೆಟ್ ಎರಡು ತನ್ನಿ, ಹಾರ್ಡ್‌ವೇರ್ ಅಂಗಡಿಯಲ್ಲೋ ಪೇಂಟ್ ಮಾಡುವವರ ಹತ್ತಿರವೋ ಸಿಗುತ್ತೆ. ಚೆನ್ನಾಗಿ ತೊಳೆದು ಸುತ್ತಲೂ ಗೇಣಿಗೊಂದರಂತೆ ತೂತು ಕೊರೆಯಿರಿ, ತಳದಲ್ಲಿ ನಾಲ್ಕು. ಕೆಳಗೆ ಒಂದು ತಟ್ಟೆ. ತಳಕ್ಕೆ ನಾಲ್ಕು ಬೆರಳು ತರಗೆಲೆ. ಆಮೇಲೆ ದಿನಾ ಒಂದು ಬೊಗಸೆ ಹಸಿಗೆ ಎರಡು ಬೊಗಸೆ ಒಣ ಎಲೆ, ಹಸಿ ಒಂದು ಚೂರೂ ಮೇಲೆ ಕಾಣಬಾರದು. ವಾರಕ್ಕೊಮ್ಮೆ ಹುಳಿ ಮಜ್ಜಿಗೆ ಅರ್ಧ ಲೋಟ ಚಿಮುಕಿಸಿ. ಮೂರು ದಿನಕ್ಕೊಮ್ಮೆ ಕೋಲಲ್ಲಿ ಕೆದಕಿ. ಕೈಯಲ್ಲಿ ಹಿಂಡಿದರೆ ಹಿಂಡಿದ ಬಟ್ಟೆಯಷ್ಟು ತೇವ ಇರಬೇಕು, ನೀರು ತೊಟ್ಟಿಕ್ಕಬಾರದು. ತುಂಬಿದ ಬಕೆಟ್ಟನ್ನು ಪಕ್ಕಕ್ಕಿಟ್ಟು ಎರಡನೆಯದನ್ನು ಶುರು ಮಾಡಿ. ಅದು ತುಂಬೋ ಹೊತ್ತಿಗೆ ಮೊದಲನೆಯದು ಹಣ್ಣಾಗಿರುತ್ತೆ. ಎರಡರಿಂದ ಮೂರು ತಿಂಗಳು.

ತೆಂಗಿನ ಚಿಪ್ಪು, ಮಾವಿನ ಓಟೆ ಹಾಕಬೇಡಿ, ಕರಗಲ್ಲ. ನಿಂಬೆ ಸಿಪ್ಪೆ ಕಮ್ಮಿ ಇರಲಿ. ಉಪ್ಪು ಎಣ್ಣೆ ಇರುವ ಅಡುಗೆ ಪದಾರ್ಥ ಮೊದಲ ತಿಂಗಳು ಬೇಡ.

ಮಡಿಕೆ ಇಡುವಷ್ಟು ಅನುಕೂಲ ಇದ್ದರೆ ಮೂರು ಅಂತಸ್ತಿನ ಮಣ್ಣಿನ ‘ಕಂಬ’ ಸಿಗುತ್ತೆ, ಬೆಂಗಳೂರಿನ ಡೈಲಿ ಡಂಪ್‌ನವರು 2006ರಿಂದ ಮಾಡ್ತಿದ್ದಾರೆ. ಮಣ್ಣು ತಾನೇ ಉಸಿರಾಡುತ್ತೆ, ತೇವ ಹೀರುತ್ತೆ. ಆದರೆ ಮೊದಲು ಬಕೆಟ್ಟಲ್ಲಿ ಕೈ ಪಳಗಲಿ. ಬಿಡುವಿದ್ದಾಗ ಎಚ್‌ಎಸ್‌ಆರ್ ಲೇಔಟಿನ ಸ್ವಚ್ಛಗ್ರಹ ಕಲಿಕಾ ಕೇಂದ್ರಕ್ಕೆ ಮಗನ್ನ ಕರಕೊಂಡು ಹೋಗಿ. ಬೇರೆ ಬೇರೆ ಥರದ ಗೊಬ್ಬರದ ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದಾರೆ, ಮುಟ್ಟಿ ಮೂಸಿ ನೋಡಬಹುದು.

---

ಶಿರಸಿ_ಹಿತ್ತಲು | ಜೂನ್ 8, ಬೆಳಗ್ಗೆ 11:20

ಮಗಳೇ, ನನಗೆ ಎಪ್ಪತ್ತೆರಡು. ಮೊಮ್ಮಗಳು ಫೋನಿನಲ್ಲಿ ಬರೆದುಕೊಡುತ್ತಿದ್ದಾಳೆ.

ನಮ್ಮಲ್ಲಿ ಬಚ್ಚಲಿನ ನೀರು ಹೋಗುವ ದಾರಿಯಲ್ಲಿ ಬಾಳೆ, ಕೆಸು ಇರುತ್ತಿತ್ತು. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಗಂಜಿ ಎಲ್ಲ ಒಂದು ಪಾತ್ರೆಗೆ ಸೇರಿ ಕಲಗಚ್ಚಾಗಿ ಕೊಟ್ಟಿಗೆಗೆ. ಊಟದ ಬಾಳೆ ಎಲೆ ಗೊಬ್ಬರದ ಗುಂಡಿಗೆ. ಬೂದಿ ಪಾತ್ರೆ ತಿಕ್ಕಲಿಕ್ಕೆ, ಉಳಿದದ್ದು ತೆಂಗಿನ ಬುಡಕ್ಕೆ. ಹೊರಗೆ ಎಸೆಯುವ ಕಸ ಎನ್ನುವುದು ಇರಲೇ ಇಲ್ಲ. ನಾವು ದೊಡ್ಡ ಮನಸ್ಸಿನವರಾಗಿದ್ದೆವು ಅಂತಲ್ಲ, ಒಂದು ವಸ್ತು ಮನೆಗೆ ಬರಲಿಕ್ಕೆ ಕಷ್ಟ ಇತ್ತು, ಅದಕ್ಕೆ ಬೆಲೆ ಇತ್ತು.

ನಿನಗೆ ಹಿತ್ತಲು ಇಲ್ಲ. ಆದರೆ ಅಕ್ಕಿ ತೊಳೆದ ನೀರು ಇದೆಯಲ್ಲ? ಅದನ್ನು ಸಿಂಕಿಗೆ ಚೆಲ್ಲಬೇಡ, ಕುಂಡಕ್ಕೆ ಹಾಕು. ಮತ್ತೆ ಅಂಟುವಾಳ ಬಿಟ್ಟೆ ಎಂದೆಯಲ್ಲ, ರಾತ್ರಿ ನೆನೆಸಿ ಹಾಗೇ ಹಿಂಡಿದರೆ ಸಾಕಷ್ಟು ನೊರೆ ಬರುವುದಿಲ್ಲ. ಬೀಜ ತೆಗೆದು ಹತ್ತು ಕಾಯಿ ನೀರಿನಲ್ಲಿ ಕುದಿಸಿ ಕಿವುಚು. ಮೂರು ನಾಲ್ಕು ದಿನಕ್ಕಾಗುವಷ್ಟೇ ಮಾಡಿಕೋ, ಇಟ್ಟರೆ ಹುಳಿತು ಹೋಗುತ್ತದೆ. ಎಣ್ಣೆ ಬಾಣಲೆಗೆ ಅದು ಸಾಲುವುದಿಲ್ಲ, ಮೊದಲು ಕಡಲೆಹಿಟ್ಟಿನಲ್ಲಿ ಒರೆಸಬೇಕು.

---

ಧಾರವಾಡದಾಂವ | ಜೂನ್ 8, ಮಧ್ಯಾಹ್ನ 12:45

ಅಜ್ಜಿ ಹೇಳಿದ್ದು ಖರೇ ಐತಿ. ನಮ್ಮ ಕಡೆ ಮುಸುರಿ ಅಂತೀವ್ರಿ, ಎಮ್ಮಿಗೆ ಇಡತಿದ್ರು. ಈಗ ಅದ ಮುಸುರಿ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಓಣಿ ತುದಿಗೆ ಒಗೀತಾರ. ಆಕಳ ಬಂದು ಚೀಲ ಸಮೇತ ತಿಂತಾವ. ಹಿಂಗ ಹೊಟ್ಟಿ ಉಬ್ಬಿ ಸತ್ತ ಆಕಳ ನಮ್ಮ ಓಣ್ಯಾಗ ನೋಡೇನ್ರಿ, ಹೊಟ್ಟಿ ಕೊಯ್ದ್ರ ಬುಟ್ಟಿಗಟ್ಲೆ ಚೀಲ. ಕರ್ನಾಟಕದಾಗ 2016ರ ಮಾರ್ಚ್‌ದಾಗನ ಪ್ಲಾಸ್ಟಿಕ್ ಕೈಚೀಲ ಬಂದ್ ಮಾಡ್ಯಾರ, ದೇಶದಾಗ 2022ರ ಜುಲೈ 1ರಿಂದ ಒಂದ್ಸಲ ಬಳಸಿ ಒಗಿಯೋ ಎಷ್ಟೋ ಸಾಮಾನು ಬಂದ್ ಆಗ್ಯಾವ. ಸಂತ್ಯಾಗ ಹೋಗಿ ನೋಡ್ರಿ, ಇನ್ನೂ ಕೊಡತಾರ, ನಾವೂ ತಗೋತೀವಿ. ಮನಿಯಿಂದ ಚೀಲ ಒಯ್ಯೂದು ನಮ್ಮ ಕೈಯಾಗ ಐತಿ.

ಇನ್ನೊಂದು. ಹಳೀ ಸೀರಿ, ಪಂಜೆ ಒಗಿಬ್ಯಾಡ್ರಿ. ನಮ್ಮ ಅವ್ವ ಎಂಟು ಹತ್ತು ಸೀರಿ ಕೂಡಿಸಿ ಕೌದಿ ಹೊಲೀತಾಳ. ನಾ ಈಗ ಹೊದ್ದು ಮಲಗೂ ಕೌದ್ಯಾಗ ನಮ್ಮ ಆಯಿ ಇಳಕಲ್ ಸೀರಿ ತುಂಡು ಐತಿ.

---

ಲೆಕ್ಕ_ಕೇಳುವವ | ಜೂನ್ 9, ಬೆಳಗ್ಗೆ 9:05

ಯಾರ ಮನಸ್ಸನ್ನೂ ನೋಯಿಸೋದು ನನ್ನ ಉದ್ದೇಶ ಅಲ್ಲ. ಆದರೆ ಇದನ್ನು ಕೇಳಲೇಬೇಕು. ದಿನಕ್ಕೆ ಸಾವಿರಾರು ಟನ್ ಕಸ ಎತ್ತುವ ಊರಿನಲ್ಲಿ ಒಂದು ಮನೆಯ ಮುಕ್ಕಾಲು ಕಿಲೋ ಸಿಪ್ಪೆಯಿಂದ ಏನಾಗುತ್ತೆ? ಕಂಪನಿಗಳು ಕರಗದ ಪ್ಯಾಕೆಟ್ ಮಾಡ್ತಾನೇ ಇರ್ತವೆ. ನಾವು ಬೇರೆ ಮಾಡಿಕೊಟ್ಟದ್ದನ್ನು ಗಾಡಿಯಲ್ಲಿ ಮತ್ತೆ ಒಟ್ಟಿಗೆ ಸುರಿಯೋದನ್ನೂ ನಾನೇ ನೋಡಿದ್ದೀನಿ. ಜವಾಬ್ದಾರಿ ಎಲ್ಲ ಮನೆಯವರ ತಲೆಗೆ ಕಟ್ಟಿ ದೊಡ್ಡವರನ್ನು ಬಿಟ್ಟ ಹಾಗಾಗಲ್ವಾ?

---

ಗೊಬ್ಬರದ_ಗಡಿಗೆ | ಜೂನ್ 9, ಬೆಳಗ್ಗೆ 10:40

ನ್ಯಾಯವಾದ ಪ್ರಶ್ನೆ. ಗಾಡಿಯಲ್ಲಿ ಒಟ್ಟಿಗೆ ಸುರಿಯೋದು ನಮ್ಮ ಬೀದಿಯಲ್ಲೂ ಇತ್ತು. ಅದಕ್ಕೇ ನಾನು ‘ಬೇರೆ ಮಾಡಿ’ ಅಂತ ಮಾತ್ರ ಹೇಳಲಿಲ್ಲ, ‘ಆಚೆ ಕಳಿಸಬೇಡಿ’ ಅಂದೆ. ಮನೆಯಲ್ಲೇ ಉಳಿದ ಹಸಿ ಕಸವನ್ನು ಯಾರೂ ಮತ್ತೆ ಬೆರೆಸೋಕೆ ಆಗಲ್ಲ.

ಕಂಪನಿಗಳ ವಿಷಯ ಒಪ್ತೀನಿ. ಪದರ ಪದರದ ಆ ಬೆಳ್ಳಿ ಬಣ್ಣದ ಪ್ಯಾಕೆಟ್ಟನ್ನು ಗುಜರಿಯವರೂ ಮುಟ್ಟಲ್ಲ, ಸಿಮೆಂಟ್ ಕಾರ್ಖಾನೆಯಲ್ಲಿ ಸುಡೋದಕ್ಕೆ ಹೋದರೇ ಹೆಚ್ಚು. ಅದನ್ನು ಬದಲಾಯಿಸೋಕೆ ಕಾನೂನು ಬೇಕು, ಒತ್ತಾಯ ಬೇಕು. ಆದರೆ ಒತ್ತಾಯ ಮಾಡೋರು ಯಾರು? ನಮ್ಮ ವಾರ್ಡಿನಲ್ಲಿ ಗಾಡಿ ಸರಿಯಾಗಿ ಬರೋ ಹಾಗೆ ಕೂತು ಮಾತಾಡಿದವರೆಲ್ಲ ಮೊದಲು ತಮ್ಮ ಮನೆಯಲ್ಲಿ ಮಾಡಿದವರೇ. ಹೋದ ವರ್ಷ ನಾವು ಹನ್ನೊಂದು ಮನೆಯವರು ಹೋಗಿ ಒಣ ಕಸ ಸಂಗ್ರಹ ಕೇಂದ್ರದವರ ಜೊತೆ ಕೂತೆವು. ಅವರು ತೋರಿಸಿದ್ದು ಇದು: ಹಾಲಿನ ಕವರ್ ತೊಳೆದು ಒಣಗಿಸಿದ್ದರೆ ದುಡ್ಡು, ಹಾಲು ಅಂಟಿ ಹುಳಿತಿದ್ದರೆ ಬರೀ ಕಸ. ಕವರಿನ ಮೂಲೆ ಪೂರ್ತಿ ಕತ್ತರಿಸಿದರೆ ಆ ಚೂರು ಎಲ್ಲೂ ಸಿಗದೆ ಚರಂಡಿಗೆ ಹೋಗುತ್ತೆ. ಅಂಚು ಸ್ವಲ್ಪ ಅಂಟಿಕೊಂಡೇ ಇರೋ ಹಾಗೆ ಕತ್ತರಿಸಿ. ಅವತ್ತಿನಿಂದ ನಮ್ಮ ಹನ್ನೊಂದು ಮನೆಯಲ್ಲೂ ಕವರ್‌ಗಳು ಅಡುಗೆಮನೆ ಗೋಡೆಗೆ ಅಂಟಿಕೊಂಡು ಒಣಗ್ತಿರುತ್ತವೆ.

---

ದುಡಿಯೋ_ಕೈ | ಜೂನ್ 9, ಸಂಜೆ 4:30

ಇಲ್ಲೀವರೆಗೆ ಯಾರೂ ಎತ್ತದ ಒಂದು ಮಾತು. ಅಂಟುವಾಳ ಕುದಿಸೋದು ಯಾರು? ಹಾಲಿನ ಕವರ್ ತೊಳೆಯೋದು ಯಾರು? ಬಕೆಟ್ ಕೆದಕೋದು ಯಾರು? ಮೂರನೇ ಮಹಡಿ ಅವರೇ, ನೀವು ‘ಬಿಟ್ಟೆವು’ ಅಂತ ಬರೆದಿದ್ದೀರಿ. ನಿಜ ಹೇಳಿ, ಮಾಡ್ತಿದ್ದದ್ದು ನೀವೊಬ್ಬರೇ ತಾನೆ?

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಬೆಳಗ್ಗೆ ಎಂಟೂವರೆಗೆ ನಾನೂ ಬಸ್ ಹಿಡೀಬೇಕು. ಮನೆಯವರಿಗೆಲ್ಲ ಪರಿಸರದ ಮೇಲೆ ಪ್ರೀತಿ, ಕೆಲಸ ಮಾತ್ರ ನನ್ನದು. ಆರು ತಿಂಗಳಿಗೆ ನಾನು ಸೋತೆ, ಆಮೇಲೆ ಎಲ್ಲರನ್ನೂ ಕೂರಿಸಿ ಹಂಚಿದೆ. ಹಸಿ ಡಬ್ಬಿ ಖಾಲಿ ಮಾಡಿ ಎಲೆ ಮುಚ್ಚೋದು ನಮ್ಮ ಯಜಮಾನರು, ರಾತ್ರಿ ಊಟ ಆದ ಮೇಲೆ. ಒಣ ಚೀಲ ಮಗಳು, ಶನಿವಾರ. ಚೀಲ ನೆನಪಿಟ್ಟು ತಗೊಂಡು ಹೋಗೋದು ಯಾರು ಮಾರ್ಕೆಟ್ಟಿಗೆ ಹೋಗ್ತಾರೋ ಅವರು. ನಾಲ್ಕು ವರ್ಷ ಆಯ್ತು, ನಿಂತಿಲ್ಲ.

ಪ್ಯಾಡಿನ ವಿಷಯವನ್ನೂ ಹೇಳಿಬಿಡ್ತೀನಿ. ಅದರಲ್ಲಿ ಪ್ಲಾಸ್ಟಿಕ್ಕೇ ಬಹಳ ಇರುತ್ತೆ, ನಾವು ಹೋದ ಮೇಲೂ ಅದು ಇರುತ್ತೆ. ನಾನು ಮೂರು ವರ್ಷದಿಂದ ಮುಟ್ಟಿನ ಕಪ್ ಬಳಸ್ತಿದ್ದೀನಿ. ರೂಢಿಯಾಗೋಕೆ ಮೂರು ತಿಂಗಳು ಹಿಡೀತು. ಒಗ್ಗದವರಿಗೆ ಬಟ್ಟೆಯ ಪ್ಯಾಡಿದೆ, ಆದರೆ ಬಿಸಿಲಲ್ಲಿ ಒಣಗಿಸೋಕೆ ಜಾಗ, ತೊಳೆಯೋಕೆ ನೀರು ಎರಡೂ ಬೇಕು. ಯಾವುದೂ ಆಗದಿದ್ದರೆ ಅದಕ್ಕಾಗಿ ಯಾವ ಹೆಣ್ಣುಮಗಳೂ ಮನಸ್ಸಿಗೆ ಹಚ್ಚಿಕೊಳ್ಳೋದು ಬೇಡ.

---

ಮೂರನೇ_ಮಹಡಿ | ಜೂನ್ 9, ರಾತ್ರಿ 10:15

ಹೌದು. ನಾನೊಬ್ಬಳೇ.

ನಿಮ್ಮ ಬರಹವನ್ನು ಊಟಕ್ಕೆ ಕೂತಾಗ ಜೋರಾಗಿ ಓದಿದೆ. ಅತ್ತೆ ಮೊದಲು ಬಾಯಿಬಿಟ್ಟರು: ‘ಎಲೆ ಮುಚ್ಚೋದು ನಂಗೆ ಬಿಡು, ನಮ್ಮೂರಲ್ಲಿ ತಿಪ್ಪೆ ನಾನೇ ನೋಡಿಕೊಳ್ತಿದ್ದೆ.’ ಇವರು ಬಕೆಟ್ಟಿಗೆ ತೂತು ಕೊರೆಸಿಕೊಂಡು ಬರ್ತೀನಿ ಅಂದಿದ್ದಾರೆ. ತರಗೆಲೆ ತರೋದು ಮಗನ ಪಾಲಿಗೆ.

---

ಹನಿ_ಲೆಕ್ಕ | ಜೂನ್ 10, ಬೆಳಗ್ಗೆ 7:50

ಒಂದನ್ನೇ ಹಿಡಿಯಿರಿ ಅನ್ನೋದು ನನಗೂ ಒಪ್ಪಿಗೆ. ಆದರೆ ಬೋರ್ ಬತ್ತಿದ್ದರ ಮಾತು ಬಂದಿದ್ದರಿಂದ ನೀರಿನ ಬಗ್ಗೆ ಸ್ವಲ್ಪ.

ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ಸುಮಾರು 100 ಕಿ.ಮೀ. ದೂರದಿಂದ, ಅರ್ಧ ಕಿ.ಮೀ.ಯಷ್ಟು ಎತ್ತರಕ್ಕೆ ಪಂಪಿನಲ್ಲಿ ಹತ್ತಿ ಬರುತ್ತಾಳೆ. ಒಂದು ಬಕೆಟ್ ನೀರು ಉಳಿಸಿದರೆ ಅಷ್ಟು ಕರೆಂಟೂ ಉಳೀತು. ಮನೆಯಲ್ಲಿ ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಇದ್ದರೆ ಅದರ ಹಿಂದಿನ ಪೈಪು ಎಲ್ಲಿಗೆ ಹೋಗ್ತಿದೆ ನೋಡಿ. ಒಂದು ಲೀಟರ್ ಕುಡಿಯುವ ನೀರಿಗೆ ಮಾಮೂಲಿ ಯಂತ್ರ ಮೂರು ಲೀಟರಿನಷ್ಟು ಆಚೆ ಬಿಡುತ್ತೆ. ಪೈಪಿನ ತುದಿಗೆ ಬಕೆಟ್ ಇಡಿ, ನೆಲ ಒರೆಸೋಕೆ, ಕಕ್ಕಸಿಗೆ ಆಗುತ್ತೆ. ಅದಕ್ಕಿಂತ ಮೊದಲು ಆರ್‌ಒ ಬೇಕೇ ಅಂತ ನೋಡಿ. ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಪ್ರಮಾಣ) ಲೀಟರಿಗೆ 500 ಮಿ.ಗ್ರಾಂ.ಗಿಂತ ಕಮ್ಮಿ ಇರುವ ಕಡೆ ಆರ್‌ಒ ಅಗತ್ಯವಿಲ್ಲ ಅಂತ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ. ಕಾವೇರಿ ನೀರು ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಮ್ಮಿ. ಬೋರ್ ನೀರಿನ ಮಾತು ಬೇರೆ, ಪರೀಕ್ಷೆ ಮಾಡಿಸಿಯೇ ತೀರ್ಮಾನ ಮಾಡಬೇಕು.

ಸೋಲಾರ್ ಹೀಟರ್ ಇರೋರ ಮನೆಯಲ್ಲಿ ಬಿಸಿನೀರು ಬರೋವರೆಗೆ ತಣ್ಣೀರು ಸುಮ್ಮನೆ ಹರಿದುಹೋಗುತ್ತೆ. ನಾನು ಅಳೆದೆ, ನಮ್ಮ ಮನೆಯಲ್ಲಿ ದಿನಕ್ಕೆ ಹದಿನಾಲ್ಕು ಲೀಟರ್. ಈಗ ಅದು ಬಟ್ಟೆ ನೆನೆಸೋಕೆ.

ಮಳೆ ನೀರಿನ ಲೆಕ್ಕ ಬಹಳ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಬೆಂಗಳೂರಲ್ಲಿ ವರ್ಷಕ್ಕೆ 900 ಮಿ.ಮೀ.ಗೂ ಹೆಚ್ಚು ಮಳೆ. 100 ಚದರ ಮೀಟರಿನ ತಾರಸಿ ಮೇಲೆ 90 ಸಾವಿರ ಲೀಟರ್ ಬಿದ್ದು ಚರಂಡಿಗೆ ಹೋಗ್ತಿದೆ. ವಿಜಯನಗರದಲ್ಲಿ ಎ. ಆರ್. ಶಿವಕುಮಾರ್ ಅವರು ಎರಡು ದಶಕಕ್ಕೂ ಹೆಚ್ಚು ಕಾಲ ಜಲಮಂಡಳಿಯ ಸಂಪರ್ಕವಿಲ್ಲದೆ ಮಳೆ ನೀರಿನಲ್ಲೇ ಸಂಸಾರ ನಡೆಸಿ ತೋರಿಸಿದ್ದಾರೆ. ನಿಮ್ಮದು ಬಾಡಿಗೆ ಮನೆ, ಪೂರ್ತಿ ಆಗಲ್ಲ. ಜಯನಗರ 5ನೇ ಬ್ಲಾಕಿನಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಮಳೆ ನೀರು ಸಂಗ್ರಹ ಉದ್ಯಾನ ಇದೆ, ನಿಮಗೆ ಹತ್ತಿರವೇ. ಮನೆ ಮಾಲೀಕರನ್ನು ಒಮ್ಮೆ ಕರಕೊಂಡು ಹೋಗಿ.

---

ಬರ್ಲಿನ್_ಕನ್ನಡತಿ | ಜೂನ್ 10, ಸಂಜೆ 6:20

ಇಲ್ಲಿ ಜರ್ಮನಿಯಲ್ಲಿ ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿ ವಾಪಸ್ ಕೊಟ್ಟರೆ 25 ಸೆಂಟ್ ಸಿಗುತ್ತೆ, ನಮ್ಮ ಇಪ್ಪತ್ತು ರೂಪಾಯಿಗೂ ಹೆಚ್ಚು. ಅಂಗಡಿ ಬಾಗಿಲಲ್ಲೇ ಯಂತ್ರ. ಹಾಗಾಗಿ ರಸ್ತೆಯಲ್ಲಿ ಬಾಟಲಿ ಬಿದ್ದಿರೋದು ಅಪರೂಪ, ಬಿದ್ದರೂ ಯಾರಾದರೂ ಆಯ್ಕೊಂಡು ಹೋಗ್ತಾರೆ. ಹಸಿ ಕಸಕ್ಕೆ ಬೇರೆ ಡಬ್ಬಿ. ವ್ಯವಸ್ಥೆ ಇದ್ದರೆ ಎಷ್ಟು ಸಲೀಸು ಅಂತ ಇಲ್ಲಿ ಬಂದ ಮೇಲೆ ಗೊತ್ತಾಯ್ತು, ಲೆಕ್ಕ ಕೇಳುವವರ ಮಾತಲ್ಲಿ ತೂಕವಿದೆ. ಆದರೆ ಇಲ್ಲಿನ ಅಂಗಡಿಯಲ್ಲಿ ಸೌತೆಕಾಯಿಗೂ ಪ್ಲಾಸ್ಟಿಕ್ ಸುತ್ತಿರುತ್ತೆ. ಗಾಂಧಿಬಜಾರಿನಲ್ಲಿ ಸೊಪ್ಪಿನ ಕಟ್ಟಿಗೆ ಬಾಳೆ ನಾರು ಕಟ್ಟಿಕೊಡ್ತಿದ್ದದ್ದು ನೆನಪಾಗುತ್ತೆ.

---

ಮೂರನೇ_ಮಹಡಿ | ಜುಲೈ 19, ರಾತ್ರಿ 9:00

ಗಡಿಗೆ ಅವರೇ, ತುರ್ತು. ಐದು ವಾರ ಚೆನ್ನಾಗಿ ನಡೀತು. ನಾತ ಇಲ್ಲ. ಬಕೆಟ್ಟೊಳಗೆ ಕೈ ಇಟ್ಟರೆ ಬೆಚ್ಚಗಿತ್ತು, ಮಗನಿಗೆ ಅದೇ ಆಶ್ಚರ್ಯ. ಈ ವಾರದ ಮಳೆಗೆ ಎರಚಲು ಹೊಡೆದು ಮೇಲಿನ ಪದರ ಮುದ್ದೆಯಾಗಿದೆ. ಇವತ್ತು ಮುಚ್ಚಳ ತೆಗೆದರೆ ಬಿಳಿ ಹುಳ, ನೂರಾರು, ಕಿರುಬೆರಳ ಉಗುರಿನಷ್ಟು ಉದ್ದ, ಬುಳುಬುಳು ಅಂತಿವೆ. ಇವರು ಸುರಿದುಬಿಡೋಣ ಅಂತಿದ್ದಾರೆ. ಅತ್ತೆ ಬೇಡ ಅಂತಿದ್ದಾರೆ.

---

ಗೊಬ್ಬರದ_ಗಡಿಗೆ | ಜುಲೈ 19, ರಾತ್ರಿ 9:20

ಅತ್ತೆಯ ಮಾತು ಕೇಳಿ. ಸುರಿಯಬೇಡಿ.

ಆ ಹುಳ ನಿಮ್ಮ ಕೆಲಸ ಮಾಡ್ತಿವೆ. ಕಪ್ಪು ಬಣ್ಣದ, ಕಣಜದ ಹಾಗೆ ಕಾಣುವ ಒಂದು ನೊಣದ ಮರಿಗಳವು, ಮನೆಯ ನೊಣ ಅಲ್ಲ. ಕಚ್ಚಲ್ಲ, ಸಿಪ್ಪೆ ತಿಂದು ಮುಗಿಸ್ತವೆ. ಅವು ಬಂದವು ಅಂದರೆ ಒಳಗೆ ತೇವ ಜಾಸ್ತಿ ಆಗಿದೆ ಅಂತ ಅರ್ಥ. ಇವತ್ತೇ ಬಕೆಟ್ಟನ್ನು ಹಳೇ ಪೇಪರ್ ಮೇಲೆ ಸುರಿದು, ಅದರಷ್ಟೇ ಒಣ ಎಲೆ ಇಲ್ಲಾ ಹರಿದ ರಟ್ಟು ಬೆರೆಸಿ ಮತ್ತೆ ತುಂಬಿ. ಒಂದು ಹಿಡಿ ಬೇವಿನ ಹಿಂಡಿ ಪುಡಿ ಮೇಲೆ ಉದುರಿಸಿ. ಎರಡು ದಿನ ಹೊಸ ಸಿಪ್ಪೆ ಹಾಕಬೇಡಿ. ಬಕೆಟ್ಟನ್ನು ಇಟ್ಟಿಗೆ ಮೇಲಿಟ್ಟು, ಮಳೆ ಬರುವ ಕಡೆಗೆ ಗೋಣಿಚೀಲ ಕಟ್ಟಿ. ವಾರದಲ್ಲಿ ಹುಳ ಕಾಣಲ್ಲ.

---

ಬೆಳಗಿನ_ಪಾಳಿ | ಜುಲೈ 20, ಬೆಳಗ್ಗೆ 6:05

ಬಿಡಬೇಡಿ ಅಕ್ಕಾ.

---

ಮೂರನೇ_ಮಹಡಿ | ಸೆಪ್ಟೆಂಬರ್ 10, ಮಧ್ಯಾಹ್ನ 3:35

ಮೂರು ತಿಂಗಳಾಯ್ತು, ಲೆಕ್ಕ ಒಪ್ಪಿಸ್ತಿದ್ದೀನಿ.

ಹುಳ ಹೋದವು, ಹೇಳಿದ ಹಾಗೆ ಆರನೇ ದಿನಕ್ಕೆ. ಮೊದಲ ಬಕೆಟ್ಟನ್ನು ಗೌರಿ ಹಬ್ಬದ ಹಿಂದಿನ ಭಾನುವಾರ ತಾರಸಿ ಮೇಲೆ ಸುರಿದೆವು. ಅಂಚು ಮಟ್ಟ ತುಂಬಿದ್ದ ಬಕೆಟ್ಟು ಕಾಲು ಭಾಗಕ್ಕಿಳಿದಿತ್ತು. ಕಪ್ಪಗೆ, ಪುಡಿಪುಡಿ, ಮಳೆ ಬಿದ್ದ ಮಣ್ಣಿನ ವಾಸನೆ. ಕರಗದೆ ಉಳಿದದ್ದು ಮೂರೇ: ಮೊಟ್ಟೆ ಚಿಪ್ಪಿನ ಚೂರು, ಹುಣಸೆ ಬೀಜ, ಸೇಬಿಗೆ ಅಂಟಿಸಿರುವ ಪ್ಲಾಸ್ಟಿಕ್ ಸ್ಟಿಕರ್. ಆ ಸ್ಟಿಕರ್‌ಗಳನ್ನು ಮಗ ಎಣಿಸಿದ, ಇಪ್ಪತ್ತಮೂರು. ಈಗ ಹಣ್ಣು ಫ್ರಿಜ್ಜಿಗೆ ಹೋಗುವ ಮುಂಚೆಯೇ ಅವನು ಕಿತ್ತು ಒಣ ಚೀಲಕ್ಕೆ ಹಾಕ್ತಾನೆ. ಅತ್ತೆ ಗೊಬ್ಬರವನ್ನು ಜರಡಿ ಹಿಡಿದು ತುಳಸಿಗೆ, ಕರಿಬೇವಿಗೆ, ಕೆಳಗಿನ ಮನೆಯವರ ದಾಸವಾಳಕ್ಕೆ ಹಾಕಿದರು. ಎರಡು ವರ್ಷದ ಹಿಂದೆ ನಾತ ಅಂತ ಮೇಲೆ ಬಂದಿದ್ದವರು ಇವರೇ. ಈಗ ಅವರೂ ಎರಡು ಬಕೆಟ್ ಇಟ್ಟಿದ್ದಾರೆ.

ಮಿಕ್ಕಿದ್ದು ಹಿಂದೆ ಬರುತ್ತೆ ಅಂತ ಹೇಳಿದ್ದಿರಿ. ಎಲ್ಲ ಬಂದಿಲ್ಲ. ಬಿದಿರು ಬ್ರಷ್ ಮತ್ತೆ ತರಲಿಲ್ಲ, ಅಂಟುವಾಳ ಭಾನುವಾರ ಮಾತ್ರ. ಆದರೆ ಒಣ ಕಸ ಹದಿನೈದು ದಿನಕ್ಕೊಂದು ಚೀಲಕ್ಕೆ ಬಂದಿದೆ, ಮೊದಲು ವಾರಕ್ಕೆ ಎರಡಿತ್ತು. ಆರ್‌ಒ ಪೈಪಿಗೆ ಬಕೆಟ್ ಬಂದಿದೆ. ಹಬ್ಬಕ್ಕೆ ಬಣ್ಣವಿಲ್ಲದ ಜೇಡಿಮಣ್ಣಿನ ಗಣಪತಿ ತಂದು ಬಕೆಟ್ಟಲ್ಲೇ ಬಿಟ್ಟೆವು, ಆ ಮಣ್ಣು ಕುಂಡಕ್ಕೆ. ಹಬ್ಬದ ದಿನ ಹದಿನಾರು ಜನ ಊಟಕ್ಕೆ. ನೆಂಟರೊಬ್ಬರು ಅದಮ್ಯ ಚೇತನ ಸಂಸ್ಥೆಯ ಪ್ಲೇಟ್ ಬ್ಯಾಂಕಿನಿಂದ ಸ್ಟೀಲ್ ತಟ್ಟೆ ಲೋಟ ತರಬಹುದು ಅಂದರು. ನಮ್ಮ ಲೆಕ್ಕಕ್ಕೆ ಬಾಳೆ ಎಲೆಯೇ ಸಾಕಾಯ್ತು, ಎಲೆಗಳನ್ನು ಹೆಚ್ಚಿ ಮೂರನೇ ಬಕೆಟ್ಟಿಗೆ ಹಾಕಿದ್ದೀವಿ.

ಬೆಳಗಿನ ಪಾಳಿ ಅವರೇ, ನಮ್ಮ ಬೀದಿಗೆ ಬರುವ ಅಕ್ಕನ ಹೆಸರು ಕೇಳಿ ತಿಳ್ಕೊಂಡೆ. ಹಬ್ಬದ ದಿನವೂ ಬಂದಿದ್ದರು. ಕಡುಬು ಕೊಟ್ಟೆವು.

ಈಗ ಒಂದೇ ತೊಂದರೆ. ತರಗೆಲೆ ಮುಗೀತಾ ಬಂತು. ಮಳೆಗಾಲದಲ್ಲಿ ಪಾರ್ಕಿನಲ್ಲಿ ಸಿಗೋದೆಲ್ಲ ಒದ್ದೆ. ನೀವೆಲ್ಲ ಏನು ಮಾಡ್ತೀರಿ?

---

ಗೊಬ್ಬರದ_ಗಡಿಗೆ | ಸೆಪ್ಟೆಂಬರ್ 10, ಸಂಜೆ 5:10

ಓದಿ ಬಹಳ ಸಂತೋಷ ಆಯ್ತು, ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ.

ಎಲೆ ಕೂಡಿಡುವ ಕಾಲ ಜನವರಿಯಿಂದ ಮಾರ್ಚ್. ರಸ್ತೆ ಗುಡಿಸುವವರು ಬದಿಗೆ ಗುಡ್ಡೆ ಹಾಕಿರ್ತಾರೆ, ಇಲ್ಲಾಂದರೆ ಕೆಲವು ಕಡೆ ಅದಕ್ಕೆ ಬೆಂಕಿ ಇಡ್ತಾರೆ. ಐದು ಗೋಣಿಚೀಲ ತುಂಬಿಟ್ಟುಕೊಂಡರೆ ವರ್ಷ ಪೂರ್ತಿ ಸಾಕು. ಸದ್ಯಕ್ಕೆ ಬಡಗಿ ಅಂಗಡಿಯ ಹೊಟ್ಟು ತನ್ನಿ, ಪ್ಲೈವುಡ್‌ದು ಬೇಡ, ಅದರಲ್ಲಿ ಅಂಟು ಇರುತ್ತೆ. ಎಳನೀರು ಮಾರುವವರ ಹತ್ತಿರ ಒಣಗಿದ ಬುರುಡೆ ಸಿಕ್ಕರೆ ನಾರು ಬಿಡಿಸಿಕೊಳ್ಳಬಹುದು. ಹಳೇ ರಟ್ಟಿನ ಡಬ್ಬಿಯ ಟೇಪ್ ಕಿತ್ತು ಹರಿದು ಹಾಕಿದರೂ ಆಗುತ್ತೆ.

---

ಹನಿ_ಲೆಕ್ಕ | ಸೆಪ್ಟೆಂಬರ್ 10, ರಾತ್ರಿ 8:00

ನಮ್ಮ ತಾರಸಿಯಲ್ಲಿ ಶೀಟಿನ ಕೆಳಗೆ ಎರಡು ಚೀಲ ಒಣ ಎಲೆ ಇದೆ, ಹೊಂಗೆ ಎಲೆ, ಬೇಗ ಕರಗುತ್ತೆ. ಭಾನುವಾರ ಬೆಳಗ್ಗೆ ನಿಮ್ಮ ಕಡೆ ಬರ್ತಿದ್ದೀನಿ. ಒಂದು ಚೀಲ ತಂದುಕೊಡಲಾ?

---

ಮೂರನೇ_ಮಹಡಿ | ಸೆಪ್ಟೆಂಬರ್ 10, ರಾತ್ರಿ 8:12

ತನ್ನಿ ಸಾರ್. ತಿಂಡಿ ನಮ್ಮನೇಲೇ. ವಾಪಸ್ ಹೋಗುವಾಗ ಅದೇ ಚೀಲದಲ್ಲಿ ಒಂದು ಸೇರು ಗೊಬ್ಬರ ತುಂಬಿಕೊಡ್ತೀನಿ.